ಪುಣೆಯ ಪೇಟೆಯಲ್ಲಿ ಒಂದು ನಿಶ್ಚಯದ ಓಡಾಟ



ನಿಮ್ಮಲ್ಲಿ ಬಹಳ ಮಂದಿ ಪುಣೆಯಲ್ಲೇ ಹುಟ್ಟಿ, ಪುಣೆಯಲ್ಲೇ ಓದಿ, ಇಲ್ಲೇ ಕೆಲಸಕ್ಕೆ ಸೇರಿದವರು. ಮನೆಯಲ್ಲಿ ಕನ್ನಡ, ಮೆಟ್ಟಿಲಿಳಿದರೆ ಮರಾಠಿ, ಆಫೀಸಿನಲ್ಲಿ ಇಂಗ್ಲಿಷ್. ಸಂಘದ ಕಾರ್ಯಕ್ರಮಗಳಲ್ಲಿ ಸಿಕ್ಕಾಗ ಕೆಲವರು ನನ್ನನ್ನು ಪಕ್ಕಕ್ಕೆ ಕರೆದು, "ಕಾಕು, ನಮ್ಮಲ್ಲಿ ಎಂಗೇಜ್‌ಮೆಂಟಿಗೆ ಏನೇನು ಮಾಡ್ತಾರ?" ಎಂದು ಕೇಳುವುದುಂಟು. ಹೋದ ಮಾಘದಲ್ಲಿ ನನ್ನ ಮಗಳ ನಿಶ್ಚಯವಾಯಿತು. ಹುಡುಗ ಸದಾಶಿವ ಪೇಟೆಯ ಮರಾಠಿ ಮನೆಯವನು. ಆಗ ಮಾಡಿದ ಓಡಾಟವನ್ನೇ ನಿಮಗೆ ಹೇಳಿದರೆ ಉತ್ತರ ಸಿಕ್ಕೀತೆಂದು ಇದನ್ನು ಬರೆಯುತ್ತಿದ್ದೇನೆ.

ಸಾಮಾನು ತರಲು ಮಗಳೂ ನಾನೂ ಒಂದು ಶನಿವಾರ ಹೊರಟೆವು. ಕೋಥರೂಡ್‌ನಿಂದ ಮೆಟ್ರೊ ಹಿಡಿದು, ಸಿವಿಲ್ ಕೋರ್ಟ್‌ನಲ್ಲಿ ಗಾಡಿ ಬದಲಿಸಿ, ಕಸಬಾ ಪೇಟೆಯಲ್ಲಿ ಇಳಿದೆವು. ಸ್ವಾರಗೇಟ್‌ವರೆಗಿನ ಈ ನೆಲದಡಿಯ ಮಾರ್ಗ 2024ರ ಸೆಪ್ಟೆಂಬರಿನಲ್ಲಿ ತೆರೆದ ಮೇಲೆ ಹಳೆ ಪೇಟೆಗೆ ಹೋಗುವುದು ಬಹಳ ಸುಲಭವಾಗಿದೆ. ಗಾಡಿಯಲ್ಲಿ ಕೂತಾಗ ಮಗಳು ಸುಮ್ಮನೆ ಕೇಳಿದಳು: "ಅವ್ವಾ, ನಿನ್ನ ಲಗ್ನಕ್ಕ ಎಷ್ಟು ಖರ್ಚಾಗಿತ್ತು?"

ನನಗೆ ಉತ್ತರ ಹೇಳಲಾಗಲಿಲ್ಲ. ಅದರ ಕಾರಣವನ್ನು ಮುಂದೆ ಹೇಳುತ್ತೇನೆ.

ಮೊದಲು ಹೋದದ್ದು ಕಸಬಾ ಗಣಪತಿಗೆ. ಈತ ಪುಣೆಯ ಗ್ರಾಮದೈವ. ಗುಡಿಯನ್ನು ಶಿವಾಜಿ ಮಹಾರಾಜರ ತಾಯಿ ಜೀಜಾಬಾಯಿ ಕಟ್ಟಿಸಿದರೆಂದು ಇಲ್ಲಿಯವರು ಹೇಳುತ್ತಾರೆ. ಲಗ್ನಪತ್ರಿಕೆ ಅಚ್ಚಾದ ಮೇಲೆ ಮೊದಲ ಪ್ರತಿಯನ್ನು ಈತನ ಮುಂದಿಡುವ ರೂಢಿ ಅನೇಕ ಮನೆಗಳಲ್ಲಿದೆ. ಊರಲ್ಲಿ ನಾವು ಮನೆದೇವರಿಗೆ ಇಡುವ ಹಾಗೆಯೇ ಇದು. ಊರ ದೇವರಿಗೆ ದೂರವಾಯಿತೆಂದು ಕೊರಗಬೇಡಿ, ನೀವು ಇರುವ ಊರಿಗೂ ಒಬ್ಬ ದೇವರಿದ್ದಾನೆ.

ಅಲ್ಲಿಂದ ಸ್ವಲ್ಪ ದೂರದಲ್ಲೇ ತಾಂಬಟ ಆಳಿ. ಪೇಶವೆಯವರ ಕಾಲದಿಂದ ತಾಮ್ರದ ಕೆಲಸ ಮಾಡುವವರ ಓಣಿ ಅದು. ಓಣಿಗೆ ಕಾಲಿಡುವ ಮೊದಲೇ ಸುತ್ತಿಗೆಯ ಠಣ್ ಠಣ್ ಸಪ್ಪಳ ಕೇಳುತ್ತದೆ. ಕಲಶಕ್ಕೆಂದು ಒಂದು ತಾಮ್ರದ ತಂಬಿಗೆ ಕೊಂಡೆವು. ಸ್ಟೀಲಿನ ಡಬ್ಬಿಗಳ ಸೆಟ್ಟು ಕೊಡುವ ಬದಲು ಇಂಥ ಒಂದು ಪಾತ್ರೆ ಕೊಟ್ಟರೆ ಅದು ಮೊಮ್ಮಕ್ಕಳ ಕಾಲಕ್ಕೂ ಉಳಿಯುತ್ತದೆ.

ಮುಂದೆ ಲಕ್ಷ್ಮೀ ರಸ್ತೆ. ಪುಣೆಯಲ್ಲಿ ಲಗ್ನ ಎಂದರೆ ಲಕ್ಷ್ಮೀ ರಸ್ತೆಯೇ. ಪೈಠಣಿ, ಬನಾರಸಿ ಎಲ್ಲ ಹರವಿ ತೋರಿಸಿದ ಅಂಗಡಿಯವರು ಕಡೆಗೆ ನನ್ನ ಮಾತಿನ ಧಾಟಿ ಕೇಳಿ, "ತುಮಚೀ ಇರಕಲ್ ದಾಖವೂ ಕಾ?" ಎಂದರು. ನಮ್ಮ ಇಳಕಲ್ಲನ್ನು ಮರಾಠಿಯವರು ಇರಕಲ್ ಎನ್ನುತ್ತಾರೆ. ಬಾಗಲಕೋಟೆ ಜಿಲ್ಲೆಯ ಆ ಊರಿನ ಸೀರೆಗೆ ಒಂದು ವಿಶೇಷವಿದೆ. ಒಡಲಿನ ನೂಲು ಬೇರೆ, ಸೆರಗಿನ ರೇಷ್ಮೆ ಬೇರೆ. ಎರಡರ ಹಾಸುನೂಲುಗಳನ್ನು ಒಂದಕ್ಕೊಂದು ಕೊಂಡಿ ಹಾಕಿ ಮಗ್ಗದ ಮೇಲೆಯೇ ಕೂಡಿಸುತ್ತಾರೆ. ಇದಕ್ಕೆ ತೋಪ ತೆನಿ ಎನ್ನುತ್ತಾರೆ. ಕೂಡಿಸಿದ ಕಡೆ ಹೊಲಿಗೆ ಇರುವುದಿಲ್ಲ. ಪಕ್ಕದ ಅಂಗಡಿಯಲ್ಲಿ ಖಣಗಳು. ಅವೂ ನಮ್ಮ ಗುಳೇದಗುಡ್ಡದವೇ! ನಾವು ಉಡಿ ತುಂಬುತ್ತೇವೆ, ಅವರು ಓಟಿ ಭರತಾರೆ. ಎರಡೂ ಮನೆಯಲ್ಲಿ ಉಡಿಗೆ ಬೀಳುವ ಖಣ ಒಂದೇ ಮಗ್ಗದ್ದು.

ಇದನ್ನು ಕಂಡ ಮೇಲೆ ಮಗಳು ಒಂದು ಚೀಟಿಯಲ್ಲಿ ಎರಡೂ ಕಡೆಯ ಪದ್ಧತಿಗಳನ್ನು ಬರೆಯತೊಡಗಿದಳು. ನೀವೂ ಹಾಗೆ ಬರೆದುಕೊಳ್ಳಿ. ಅವರ ಸಾಖರಪುಡಾ ಎಂದರೆ ಅಕ್ಷರಶಃ ಸಕ್ಕರೆಯ ಪೊಟ್ಟಣ. ಹುಡುಗಿಗೆ ಸೀರೆ ಉಡಿಸಿ, ಸಕ್ಕರೆಯ ಪೊಟ್ಟಣ ಕೊಟ್ಟು ಸಂಬಂಧ ಕಾಯಂ ಮಾಡುತ್ತಾರೆ. ನಮ್ಮಲ್ಲೂ ನಿಶ್ಚಯವಾದರೆ ಸಕ್ಕರೆ ಹಂಚಿ ಬಾಯಿ ಸಿಹಿ ಮಾಡುತ್ತೇವಲ್ಲವೇ? ಮೈಸೂರು ಕಡೆಯವರು ಲಗ್ನಪತ್ರಿಕೆ ಓದಿಸಿ ತಟ್ಟೆ ಬದಲಾಯಿಸುತ್ತಾರೆ. ತುಳುನಾಡಿನ ಮನೆಗಳಲ್ಲಿ ಹರಿವಾಣದಲ್ಲಿ ವೀಳ್ಯದೆಲೆ ಅಡಿಕೆ ಇಟ್ಟು ಬದಲಾಯಿಸುತ್ತಾರೆ. ಹಸಿರು ಬಳೆ, ಅಂತರಪಟ, ಮಂಗಲಾಷ್ಟಕ, ರುಖವತ, ಇವು ನಮ್ಮ ಧಾರವಾಡ ಕಡೆಯಲ್ಲೂ ಇವೆ, ಇಲ್ಲೂ ಇವೆ. ಬಾಸಿಂಗದ ಜಾಗದಲ್ಲಿ ಅವರಿಗೆ ಮುಂಡಾವಳಿ. ಲಗ್ನಕ್ಕೆ ಮುಂಚೆ ನೆಂಟರಿಷ್ಟರು ಮನೆಗೆ ಕರೆದು ಊಟ ಹಾಕುವ ಅವರ ಕೇಳವಣ ನನಗೆ ಬಹಳ ಹಿಡಿಸಿತು. ಎರಡೂ ಬೀಗರು ಪರಸ್ಪರ ಪರಿಚಯವಾಗಲು ಅದಕ್ಕಿಂತ ಒಳ್ಳೆಯ ದಾರಿಯಿಲ್ಲ.

ಉಂಗುರ ಬದಲಾಯಿಸುವುದು, ಕೇಕು ಕತ್ತರಿಸುವುದು ಈಚೆಗೆ ಬಂದವು. ಬೇಡವೆಂದು ನಾನು ಹೇಳುವುದಿಲ್ಲ. ಆದರೆ ಹಳೆಯ ಹೆಸರೊಂದನ್ನು ಗಮನಿಸಿ: ವಾಙ್ನಿಶ್ಚಯ. ಎಂದರೆ ಮಾತಿನಿಂದ ನಿಶ್ಚಯ. ಆ ದಿನದ ಮುಖ್ಯ ವಸ್ತು ಉಂಗುರವಲ್ಲ, ಮಾತು. ಹಾಗಾದರೆ ಮಾತಾಡುವವರು ಯಾರು?

ಈಗ ನನ್ನ ಕಥೆ ಹೇಳುತ್ತೇನೆ. ನನ್ನ ನಿಶ್ಚಯವಾದದ್ದು 1992ರಲ್ಲಿ, ಧಾರವಾಡ ಹತ್ತಿರದ ನಮ್ಮೂರಲ್ಲಿ. ಬಿ.ಎ.ಗೆ ಇಂಗ್ಲಿಷ್ ತೆಗೆದುಕೊಂಡಿದ್ದೆ. ಜೇನ್ ಆಸ್ಟೆನ್‌ಳ ಕಾದಂಬರಿಯಲ್ಲಿ ಹುಡುಗಿ ತನಗೆ ಬಂದ ವರನಿಗೆ ತಾನೇ ಬೇಡ ಎಂದು ಹೇಳುವುದನ್ನು ಓದಿ ಬೆರಗಾಗಿದ್ದವಳು ನಾನು. ಅಂಥ ನಾನು ನನ್ನದೇ ನಿಶ್ಚಯದ ದಿನ ಒಳಮನೆಯಲ್ಲಿ ತಲೆ ತಗ್ಗಿಸಿ ಕೂತಿದ್ದೆ. ಹೊರಗೆ ಪಡಸಾಲೆಯಲ್ಲಿ ಹಿರಿಯರು ಮಾತಾಡುತ್ತಿದ್ದರು. "ಬಂದವರಿಗೆಲ್ಲ ಆಯೇರಿ ಆಗಬೇಕು, ನಮ್ಮ ಕಡೆ ಮಂದಿ ಜಾಸ್ತಿ" ಎಂದು ಯಾರೋ ಅಂದದ್ದು ಕೇಳಿಸಿತು. "ಆಗಲಿ" ಎಂದು ಅಪ್ಪ ಅಂದದ್ದೂ ಕೇಳಿಸಿತು. ಎಷ್ಟು ಖರ್ಚು, ಎಲ್ಲಿಂದ ತರುತ್ತೀ ಎಂದು ನಾನು ಕೇಳಲಿಲ್ಲ. ಕೇಳುವುದು ಮಗಳ ಕೆಲಸ ಎಂದು ಯಾರೂ ಕಲಿಸಿರಲಿಲ್ಲ.

ಅಪ್ಪ ಎರಡು ಎಕರೆ ಹೊಲ ಒತ್ತೆ ಇಟ್ಟಿದ್ದರು. ನನಗೆ ಅದು ತಿಳಿದದ್ದು 2001ರಲ್ಲಿ, ತಮ್ಮ ಅದನ್ನು ಬಿಡಿಸಿಕೊಂಡ ಮೇಲೆ. ಒಂಬತ್ತು ವರ್ಷ ಪ್ರತಿ ಸುಗ್ಗಿಯಲ್ಲಿ ಬಡ್ಡಿ ಕಟ್ಟಿದ್ದರು. ಆ ವರ್ಷಗಳಲ್ಲೇ ತಮ್ಮ ಇಂಜಿನಿಯರಿಂಗ್ ಸೀಟು ಬಿಟ್ಟಿದ್ದ. ನಾನು ಪ್ರತಿ ಪಂಚಮಿಗೆ ತವರಿಗೆ ಹೋಗಿ ಉಂಡಿ ತಿಂದು ಬಂದಿದ್ದೆ. ನನ್ನ ಯಜಮಾನರಿಗೂ ಗೊತ್ತಿರಲಿಲ್ಲ. ಗೊತ್ತಾದಾಗ ಅವರು ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ಆ ಕಡೆಯವರು ಕೆಟ್ಟವರಲ್ಲ. ಅವರು ರೂಢಿಯಂತೆ ಕೇಳಿದರು, ಅಪ್ಪ ರೂಢಿಯಂತೆ ಒಪ್ಪಿದರು. ಲಗ್ನ ಆಗುವ ನಾವಿಬ್ಬರೂ ಮಾತ್ರ ಬಾಯಿ ಬಿಡಲಿಲ್ಲ.

ಇದನ್ನೆಲ್ಲ ಮಗಳಿಗೆ ಹೇಳಿದ್ದು ತುಳಶೀಬಾಗಿನ ರಾಮನ ಗುಡಿಯ ಕಟ್ಟೆಯ ಮೇಲೆ ಕೂತು. ಸುತ್ತಲೂ ಬಳೆ, ಕುಂಕುಮದ ಭರಣಿ, ಜರಿ ಹಚ್ಚಿದ ಬುಟ್ಟಿಗಳ ಅಂಗಡಿಗಳು. ಅವಳು ಚೀಟಿಯನ್ನು ಮಡಚಿ, "ಹಂಗಾದ್ರ ನಾವಿಬ್ರೂ ಕೂತು ಲೆಕ್ಕಾ ಬರೀತೀವಿ ಅವ್ವಾ" ಎಂದಳು.

ವೀಳ್ಯದೆಲೆ, ಹೂವು ತರಲು ಮಂಡೈಗೆ ಹೋದೆವು. ಬ್ರಿಟಿಷರ ಕಾಲದಲ್ಲಿ ರೇ ಮಾರ್ಕೆಟ್ ಎಂದಿದ್ದ ಆ ಕಟ್ಟಡಕ್ಕೆ ಈಗ ಮಹಾತ್ಮಾ ಫುಲೆಯವರ ಹೆಸರು. ಅಲ್ಲಿಂದ ಗಂಜ ಪೇಟೆಯ ಫುಲೆ ವಾಡೆ ಹೆಚ್ಚು ದೂರವಿಲ್ಲ. ಇಷ್ಟು ವರ್ಷ ಪುಣೆಯಲ್ಲಿದ್ದರೂ ನಾನು ನೋಡಿರಲಿಲ್ಲ, ಅಂದು ಹೋದೆವು. ಜೋತಿಬಾ ಫುಲೆ 1873ರಲ್ಲಿ ಸತ್ಯಶೋಧಕ ಸಮಾಜ ಕಟ್ಟಿದರು. ಪುರೋಹಿತರಿಲ್ಲದೆ, ದುಂದುವೆಚ್ಚವಿಲ್ಲದೆ ಮದುವೆ ಮಾಡಿಸಿದರು. ವಧೂವರರೇ ಸಭೆಯ ಮುಂದೆ ಒಬ್ಬರಿಗೊಬ್ಬರು ಮಾತು ಕೊಡುವಂಥ ಮಂಗಲಾಷ್ಟಕಗಳನ್ನು ಬರೆದರು. ಸಾಲ ಮಾಡಿ ಮದುವೆ ಮಾಡುವ ರೈತರ ಪಾಡು ಅವರಿಗೆ ಚೆನ್ನಾಗಿ ಗೊತ್ತಿತ್ತು.

ನಮ್ಮ ಕನ್ನಡದಲ್ಲೂ ಇಂಥದೊಂದು ದಾರಿಯಿದೆ. ಕುವೆಂಪು ಅವರ ಮಂತ್ರ ಮಾಂಗಲ್ಯ. ಅವರ ಮಗ ಪೂರ್ಣಚಂದ್ರ ತೇಜಸ್ವಿಯವರ ಮದುವೆ 1966ರಲ್ಲಿ ಆ ರೀತಿ ನಡೆಯಿತು. ವರದಕ್ಷಿಣೆ ಇಲ್ಲ, ಆಡಂಬರ ಇಲ್ಲ, ಅರ್ಥ ತಿಳಿದು ಹೇಳುವ ಪ್ರತಿಜ್ಞೆಗಳು ಮಾತ್ರ. ಮರಾಠಿ ಬೀಗರ ಮುಂದೆ "ನಮ್ಮಲ್ಲಿ ಸರಳ ಮದುವೆಯ ಪದ್ಧತಿ ಇದೆ" ಎಂದು ಹೇಳಲು ನಿಮಗೆ ಸಂಕೋಚ ಬೇಡ. ಅವರಲ್ಲೂ ಇದೆ, ನಮ್ಮಲ್ಲೂ ಇದೆ.

ಇನ್ನು ನಿಶ್ಚಯದ ದಿನ. ನಮ್ಮ ಮನೆಯ ಹಾಲ್‌ನಲ್ಲೇ ಮಾಡಿದೆವು. ಎರಡೂ ಕಡೆಯಿಂದ ನಲವತ್ತು ಜನ. ಸಾಖರಪುಡಾ ಅವರದು, ವೀಳ್ಯ ನಮ್ಮದು. ಊಟಕ್ಕೆ ನಮ್ಮ ಹೋಳಿಗೆ, ಅವರ ಮಸಾಲೆಭಾತ್. ತಾಂಬೂಲ ಬದಲಾಯಿಸಿದ ಮೇಲೆ ಇಬ್ಬರೂ ಎದ್ದು ನಿಂತು ಒಂದು ಕಾಗದ ಓದಿದರು. ಅವಳು ಮರಾಠಿಯಲ್ಲಿ, ಅವನು ತಡವರಿಸುತ್ತ ಕನ್ನಡದಲ್ಲಿ. ಲಗ್ನದ ಖರ್ಚು ಎರಡೂ ಮನೆಗೆ ಅರ್ಧ ಅರ್ಧ. ಯಾರೂ ಸಾಲ ಮಾಡಬಾರದು. ಆಯೇರಿ ಇಲ್ಲ. ಮಕ್ಕಳಾದರೆ ಎರಡೂ ಭಾಷೆ ಕಲಿಯಬೇಕು.

ಎಲ್ಲರಿಗೂ ಹಿಡಿಸಿತೆಂದು ಹೇಳಿದರೆ ಸುಳ್ಳಾಗುತ್ತದೆ. ಅವರ ಕಡೆಯ ಒಬ್ಬ ಆತ್ಯಾಬಾಯಿ "ಮಾನಪಾನ ಇಲ್ಲದ ಲಗ್ನ ಎಂಥಾದ್ದು?" ಎಂದು ಮುಖ ಊದಿಸಿದರು. ನಮ್ಮ ಕಡೆಯ ಭಾವನವರು "ಹುಡುಗರು ಲೆಕ್ಕ ಓದೂದಂದ್ರೇನು" ಎಂದು ಗೊಣಗಿದರು. ಆದರೆ ಬೀಗತಿ ಒಳಗೆ ಬಂದು ನನ್ನ ಕೈ ಹಿಡಿದು, ತಮ್ಮ ಲಗ್ನಕ್ಕೆ ತಾಯಿಯ ಪಾಟಲಿ ಮಾರಿದ ಸಂಗತಿ ಹೇಳಿದರು. ಅವರ ಮಗನಿಗೂ ಅದು ಆವರೆಗೆ ಗೊತ್ತಿರಲಿಲ್ಲ.

ಭಾಷೆಯ ಬಗ್ಗೆ ಒಂದು ಮಾತು. ಮರಾಠಿ ಮನೆಗೆ ಹೋದರೆ ಕನ್ನಡ ಹೋಯಿತು ಎಂದು ಕೆಲ ತಾಯಂದಿರು ಹೆದರುತ್ತಾರೆ. ದ.ರಾ. ಬೇಂದ್ರೆಯವರ ಮನೆಮಾತು ಮರಾಠಿ, ಅವರು ಬಿ.ಎ. ಓದಿದ್ದು ಇದೇ ಪುಣೆಯ ಫರ್ಗ್ಯುಸನ್ ಕಾಲೇಜಿನಲ್ಲಿ. ಆದರೂ ಕನ್ನಡದ ವರಕವಿಯಾದರು, 1973ರ ಜ್ಞಾನಪೀಠ ಪಡೆದರು. ಆಡಿದರೆ ಭಾಷೆ ಉಳಿಯುತ್ತದೆ, ಎರಡಿದ್ದರೂ ಉಳಿಯುತ್ತದೆ.

ಕಡೆಯದಾಗಿ, ನಿಶ್ಚಯಕ್ಕೆ ಮೊದಲು ನೀವಿಬ್ಬರೂ ಕೂತು ಮಾಡಬೇಕಾದ ಕೆಲವು ಕೆಲಸಗಳು:

ಒಂದು, ಇಬ್ಬರ ಮನೆಯಲ್ಲೂ ನಿಜವಾಗಿ ಎಷ್ಟು ಹಣವಿದೆ ಎಂದು ಕೇಳಿ, ಖರ್ಚಿನ ಮಿತಿಯನ್ನು ಮೊದಲು ಬರೆಯಿರಿ. ಹಾಲ್ ನೋಡುವುದು ಆಮೇಲೆ.

ಎರಡು, ಪ್ರತಿಯೊಂದು ಶಾಸ್ತ್ರದ ಅರ್ಥವನ್ನು ಅಜ್ಜಿಯರಿಂದ ಕೇಳಿಕೊಳ್ಳಿ. ಎರಡೂ ಕಡೆ ಇರುವುದನ್ನು ಒಮ್ಮೆ ಮಾಡಿದರೆ ಸಾಕು.

ಮೂರು, ಕಾನೂನು ತಿಳಿದಿರಲಿ. 1961ರ ಕಾಯ್ದೆಯಂತೆ ವರದಕ್ಷಿಣೆ ಕೊಡುವುದೂ ಅಪರಾಧ, ಪಡೆಯುವುದೂ ಅಪರಾಧ. 1985ರ ನಿಯಮದಂತೆ, ಬಂದ ಉಡುಗೊರೆಗಳ ಪಟ್ಟಿ ಬರೆದು ವಧೂವರರಿಬ್ಬರೂ ಸಹಿ ಮಾಡಬೇಕು. ಧರ್ಮ ಬೇರೆ ಬೇರೆಯಾಗಿದ್ದು 1954ರ ವಿಶೇಷ ವಿವಾಹ ಕಾಯ್ದೆಯಡಿ ಮದುವೆಯಾಗುವುದಾದರೆ ಮೂವತ್ತು ದಿನ ಮೊದಲೇ ನೋಟಿಸ್ ಕೊಡಬೇಕು. ಮುಹೂರ್ತ ಇಡುವ ಮುನ್ನ ಇದು ನೆನಪಿರಲಿ.

ನಾಲ್ಕು, ನಿಶ್ಚಯವೆಂದರೆ ಇನ್ನೂ ಮದುವೆಯಲ್ಲ. ಮನಸ್ಸಿಗೆ ಒಪ್ಪದ ಸಂಗತಿ ಕಂಡರೆ ಆಗಲೇ ಹೇಳಿಬಿಡಿ. ಜನ ನಾಲ್ಕು ದಿನ ಆಡಿಕೊಂಡು ಸುಮ್ಮನಾಗುತ್ತಾರೆ.

ನನ್ನ ಅಪ್ಪ ಈಗ ಇಲ್ಲ. ಮಗಳ ನಿಶ್ಚಯದ ದಿನ ಆ ತಾಮ್ರದ ತಂಬಿಗೆಯಲ್ಲಿ ಕಲಶ ಇಡುವಾಗ ಅವರ ನೆನಪಾಗಿ ಕಣ್ಣು ತುಂಬಿತು. ಅವರನ್ನು ನಾನು ಕೇಳಲಿಲ್ಲ. ನೀವು ಕೇಳಬಹುದು. ಇಂದು ರಾತ್ರಿ ಊಟಕ್ಕೆ ಕೂತಾಗ ನಿಮ್ಮ ಅಪ್ಪ ಅವ್ವನನ್ನು ಕೇಳಿ: "ನಿಮ್ಮ ಲಗ್ನಕ್ಕ ಎಷ್ಟು ಖರ್ಚಾಗಿತ್ತು? ಆ ರೊಕ್ಕ ಎಲ್ಲಿಂದ ಬಂದಿತ್ತು?" ಉತ್ತರ ಬರಲು ಸ್ವಲ್ಪ ಹೊತ್ತಾದರೆ ಅವಸರ ಮಾಡಬೇಡಿ.

ನಿಮ್ಮೆಲ್ಲರ ಸಂಸಾರ ಸುಖವಾಗಿರಲಿ.