ಅಜ್ಜಿಯ ಸರೋಜಾದೇವಿ

2025ರ ಜುಲೈ 14, ಸೋಮವಾರ. ಆಫೀಸಿನ ಮೀಟಿಂಗ್ ನಡೆದಿತ್ತು. ಶಿಗ್ಗಾಂವಿಯಿಂದ ಅಜ್ಜಿಯ ಫೋನ್. ಮ್ಯೂಟ್ ಮಾಡಿ ಎತ್ತಿದೆ.

‘ತಂಗಿ, ಸರೋಜಾದೇವಿ ಹೋದ್ಲಂತ. ಟಿವಿಯಾಗ ತೋರಸಾಕತ್ತಾರ.’

ಅಜ್ಜಿಯ ದನಿ ನಡುಗುತ್ತಿತ್ತು. ನನಗೆ ಬಿ. ಸರೋಜಾದೇವಿ ಎಂದರೆ ಹಳೇ ಸಿನಿಮಾದ ಚೆಂದದ ಮುಖ, ಅಷ್ಟೇ. ಅಜ್ಜಿಗೆ ಹಾಗಲ್ಲ. 1961ರಲ್ಲಿ ‘ಕಿತ್ತೂರು ಚೆನ್ನಮ್ಮ’ ಬಂದಾಗ ಆಕೆಗೆ ಹದಿನಾಲ್ಕು. ಸಿನಿಮಾ ಸವಣೂರಿಗೆ ಬಂದಾಗ ಊರಿನವರೆಲ್ಲ ಚಕ್ಕಡಿ ಕಟ್ಟಿಕೊಂಡು ಹೋಗಿದ್ದರಂತೆ. ಬೆಂಗಳೂರಿನ ಹುಡುಗಿಯೊಬ್ಬಳು ಕುದುರೆ ಏರಿ ನಮ್ಮ ಕಡೆಯ ರಾಣಿಯಾದದ್ದನ್ನು ಅಜ್ಜಿ ಇವತ್ತಿಗೂ ನಿನ್ನೆ ನೋಡಿದ ಹಾಗೆ ಹೇಳ್ತಾಳೆ.

ಆ ರಾತ್ರಿ ಕುಳಿತು ಓದಿದೆ. ಪೊಲೀಸ್ ಇಲಾಖೆಯಲ್ಲಿದ್ದ ಭೈರಪ್ಪನವರ ಮಗಳು. 1955ರಲ್ಲಿ ‘ಮಹಾಕವಿ ಕಾಳಿದಾಸ’ದಿಂದ ಶುರು. 1958ರಲ್ಲಿ ಎಂಜಿಆರ್ ಜೊತೆ ‘ನಾಡೋಡಿ ಮನ್ನನ್’, ಮರುವರ್ಷ ಹಿಂದಿಯಲ್ಲಿ ದಿಲೀಪ್ ಕುಮಾರ್ ಇದ್ದ ‘ಪೈಗಾಮ್’. ತೆಲುಗು ಸೇರಿ ನಾಲ್ಕು ಭಾಷೆಗಳಲ್ಲಿ ಬೇಡಿಕೆ. 1967ರಲ್ಲಿ ಎಂಜಿನಿಯರ್ ಶ್ರೀಹರ್ಷ ಅವರೊಂದಿಗೆ ಮದುವೆ. ಆಮೇಲೂ ನಟನೆ ನಿಲ್ಲಲಿಲ್ಲ. 1977ರ ‘ಭಾಗ್ಯವಂತರು’ ಬಂದದ್ದು ಮದುವೆಯಾಗಿ ಹತ್ತು ವರ್ಷಕ್ಕೆ. 1986ರಲ್ಲಿ ಗಂಡ ತೀರಿಕೊಂಡರು. 1969ರಲ್ಲಿ ಪದ್ಮಶ್ರೀ, 1992ರಲ್ಲಿ ಪದ್ಮಭೂಷಣ. 2019ರ ‘ನಟಸಾರ್ವಭೌಮ’ದಲ್ಲೂ ಇದ್ದರು. ಹೋದಾಗ 87 ವರ್ಷ. ಹೋದ ಮೇಲೆ ಕಣ್ಣುಗಳನ್ನೂ ಕೊಟ್ಟಿದ್ದರು.

ಆ ಕಡೇ ಸಂಗತಿ ಅಜ್ಜಿಯ ತಲೆಯಲ್ಲಿ ಕೂತುಬಿಟ್ಟಿತು. ಮುಂದಿನ ವಾರ ಊರಿಗೆ ಹೋದಾಗ, ಊಟಕ್ಕೆ ಕೂತಲ್ಲೇ ತೆಗೆದಳು. ‘ತಂಗಿ, ನನ್ನ ಹೆಸರೂ ಬರಸು. ನನ್ನ ಕಣ್ಣೂ ಕೊಡೂನು.’

ಅಪ್ಪ ರೊಟ್ಟಿ ಮುರಿಯೋದು ನಿಲ್ಲಿಸಿದರು. ‘ಏನ್ ಮಾತಂತ ಆಡ್ತಿ ಯವ್ವಾ? ಮುಂದಿನ ಜನ್ಮದಾಗ ಕುರುಡಿ ಆಗಿ ಹುಟ್ಟತಿ.’

‘ಮಣ್ಣು ತಿನ್ನೂದನ್ನ ಮಂದಿಗೆ ಕೊಟ್ರ ಏನ್ ಹೋತಲೇ?’

ಅಪ್ಪ ಎದ್ದು ಕೈ ತೊಳೆದುಕೊಂಡು ಹೊರಗೆ ಹೋದರು. ಅವರಿಗೆ ಸಿಟ್ಟು ಅಂದುಕೊಂಡೆ. ಕಟ್ಟೆ ಮೇಲೆ ಕೂತವರ ಕಣ್ಣು ನೋಡಿದ ಮೇಲೆ ಗೊತ್ತಾಯ್ತು, ಸಿಟ್ಟಲ್ಲ. ಅವ್ವ ಸಾಯ್ತಾಳೆ ಅನ್ನೋ ಮಾತನ್ನೇ ಅವರು ಯಾವತ್ತೂ ಮನಸ್ಸಿಗೆ ತಂದುಕೊಂಡಿರಲಿಲ್ಲ.

ಫೋನಿನಲ್ಲೇ ಐದು ನಿಮಿಷದಲ್ಲಿ ಅಜ್ಜಿಯ ಹೆಸರು ನೋಂದಾಯಿಸಬಹುದಿತ್ತು. ಆದರೆ ಬರೀ ನೋಂದಣಿಯಿಂದ ಕೆಲಸ ಆಗೋಲ್ಲ. ಆ ದಿನ ಮನೆಯವರು ಒಪ್ಪಬೇಕು, ಅವರೇ ಫೋನ್ ಮಾಡಬೇಕು. ಸುಮಾರು ಆರು ತಾಸಿನೊಳಗೆ ಕಣ್ಣು ತೆಗೆಯಬೇಕು. ಅಲ್ಲಿಯವರೆಗೆ ರೆಪ್ಪೆ ಮುಚ್ಚಿ, ಮೇಲೆ ಒದ್ದೆ ಹತ್ತಿ ಇಟ್ಟು, ಫ್ಯಾನ್ ಆರಿಸಬೇಕು. ಪೊರೆ ಆಪರೇಷನ್ ಆದವರೂ ಕೊಡಬಹುದು. ಅಜ್ಜಿಯ ಎರಡೂ ಕಣ್ಣಿಗೆ ಆಗಿದೆ. ನಾನು ಬೆಂಗಳೂರಲ್ಲಿ ಇರ್ತೀನಿ. ಆ ಫೋನ್ ಮಾಡಬೇಕಾದವರು ಅಪ್ಪನೇ.

ಇದನ್ನೆಲ್ಲ ಕಟ್ಟೆ ಮೇಲೆ ಅಪ್ಪನ ಪಕ್ಕ ಕೂತು ಹೇಳಿದೆ. ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ.

ದೀಪಾವಳಿಗೆ ಹೋದಾಗ ಅಪ್ಪನ ಫೋನಿನಲ್ಲಿ ಯಾರದ್ದೋ ನಂಬರ್ ಹುಡುಕುತ್ತಿದ್ದೆ. ‘ಅ’ ಅಕ್ಷರದಲ್ಲೇ ಕಣ್ಣಿಗೆ ಬಿತ್ತು: ‘ಅವ್ವನ ಕಣ್ಣು’. ಹುಬ್ಬಳ್ಳಿಯ ನೇತ್ರ ಭಂಡಾರದ ನಂಬರ್.

ನಾನು ಕೇಳಲಿಲ್ಲ, ಅಪ್ಪ ಹೇಳಲಿಲ್ಲ. ಒಳಗೆ ಅಜ್ಜಿ ಟಿವಿ ದನಿ ದೊಡ್ಡದು ಮಾಡಿ ‘ಭಾಗ್ಯವಂತರು’ ನೋಡುತ್ತಿದ್ದಳು.