ಹೆಂಜೇರಿನಿಂದ ಹೊರಟುಹೋದ ಕಂಬಗಳಿಗೆ



ನೀವು ಊರು ಬಿಟ್ಟು ಹೆಚ್ಚುಕಡಿಮೆ ಸಾವಿರ ವರ್ಷವಾಯಿತು. ನಿಮ್ಮ ಊರಿಗೆ ಈಗ ಹೇಮಾವತಿ ಎಂದು ಹೆಸರು. ಚಿಕ್ಕಬಳ್ಳಾಪುರ ತಾಲ್ಲೂಕಿನ ನಮ್ಮ ನಂದಿಯಿಂದ ಗೌರಿಬಿದನೂರು, ಹಿಂದೂಪುರ, ಮಡಕಶಿರಾ ದಾಟಿ ಅಮರಾಪುರದ ಕಡೆ ಹೋದರೆ ಸಿಗುತ್ತದೆ. ದಾರಿಯಲ್ಲಿ ರಾಜ್ಯ ಬದಲಾಗುತ್ತದೆ. ಜನರ ಬಾಯಲ್ಲಿ ಕನ್ನಡ ತೆಲುಗು ಎರಡೂ ಇಲ್ಲಿಯ ಹಾಗೆಯೇ ಬೆರೆತಿರುತ್ತವೆ. ದೊಡ್ಡೇಶ್ವರ ಗುಡಿ ಇದೆ, ಅದರ ಮುಂದೆ ದೊಡ್ಡ ಬಸವ ಇದ್ದಾನೆ, ಸಿದ್ಧೇಶ್ವರನಿಗೆ ಪೂಜೆ ನಡೆಯುತ್ತಿದೆ. ನೊಳಂಬ ದೊರೆಗಳ ರಾಜಧಾನಿಯಾಗಿದ್ದ ಆ ಊರಿನಲ್ಲಿ ಇವೆಲ್ಲ ಉಳಿದಿವೆ, ನೀವಿಲ್ಲ.

ನಂದಿಯವರಿಗೂ ನಿಮಗೂ ಏನು ಸಂಬಂಧ ಎಂದು ಕೇಳಬಹುದು. ಇಲ್ಲಿಯ ಭೋಗನಂದೀಶ್ವರ ಗುಡಿಯ ಸುದ್ದಿ ಮೊದಲು ಸಿಗುವುದು 806ರ ಸುಮಾರಿನ ಶಾಸನದಲ್ಲಿ. ಅದರಲ್ಲಿ ನಿಮ್ಮ ನೊಳಂಬಾಧಿರಾಜನ ಹೆಸರಿದೆ, ಅವನ ಮೇಲಿನ ದೊರೆ ರಾಷ್ಟ್ರಕೂಟ ಮೂರನೆಯ ಗೋವಿಂದನ ಹೆಸರಿದೆ. ಕಟ್ಟಿಸಿದವಳು ಬಾಣರ ರಾಣಿ ರತ್ನಾವಳಿ ಎನ್ನುತ್ತಾರೆ. ಈ ಗುಡಿಯ ಗೋಡೆಯಲ್ಲಿ ಒಂದು ಜಾಲಂಧ್ರವಿದೆ. ಕಲ್ಲನ್ನು ಆರಪಾರ ಕೊರೆದು ಅದರಲ್ಲೇ ಕುಣಿಯುವ ಶಿವನನ್ನು ಬಿಡಿಸಿದ್ದಾರೆ. ಇನ್ನೊಂದರಲ್ಲಿ ಕೋಣನ ತಲೆಯ ಮೇಲೆ ನಿಂತ ದುರ್ಗೆ. ಹೊರಗಿನಿಂದ ನೋಡಿದರೆ ಅದು ಶಿಲ್ಪ. ಒಳಗೆ ನಿಂತು ನೋಡಿದರೆ ಮೈಯೆಲ್ಲ ಕಪ್ಪಾಗಿ, ಕೈಕಾಲುಗಳ ಸಂದಿಯಿಂದ ಮಾತ್ರ ಬೆಳಕು ಬರುತ್ತದೆ. ಹೊತ್ತು ಏರಿದಂತೆ ನೆಲದ ಮೇಲಿನ ಬೆಳಕಿನ ತುಂಡುಗಳು ಜರುಗುತ್ತವೆ. ಕೆತ್ತಿದವನು ಕಲ್ಲಿನ ಜೊತೆಗೆ ಆ ಗೋಡೆ, ಆ ದಿಕ್ಕು, ಒಳಗಿನ ಆ ಕತ್ತಲು ಎಲ್ಲವನ್ನೂ ಲೆಕ್ಕಕ್ಕೆ ಹಿಡಿದಿದ್ದ. ಈ ಕಲ್ಲನ್ನು ಕಿತ್ತು ಎಲ್ಲಿಗೆ ಒಯ್ದರೂ ಅರ್ಧ ಇಲ್ಲೇ ಉಳಿದುಬಿಡುತ್ತದೆ. ನಿಮ್ಮ ಅರ್ಧವೂ ಹೇಮಾವತಿಯಲ್ಲಿ ಹೀಗೇ ಉಳಿದಿದೆ ಎಂದು ನನ್ನ ನಂಬಿಕೆ. ಅದಕ್ಕೇ ಈ ಪತ್ರ.

ನಿಮ್ಮನ್ನು ಒಯ್ದವರು ಚೋಳರು. 974ಕ್ಕೆ ಮುಂಚೆಯೇ ಗಂಗ ಮಾರಸಿಂಹ ನೊಳಂಬಕುಲಾಂತಕ ಎಂಬ ಬಿರುದು ಧರಿಸಿ ನಿಮ್ಮ ದೊರೆಗಳ ಬೆನ್ನು ಮುರಿದಿದ್ದ. ಆಮೇಲೆ ಚೋಳರು ಬಂದರು, ಈ ಸೀಮೆಗೆ ನಿಗರಿಲಿ ಚೋಳಮಂಡಲ ಎಂದು ಹೆಸರಿಟ್ಟರು. ರಾಜೇಂದ್ರ ಚೋಳನ ಕಾಲದಲ್ಲಿ ನೀವು ಕಾವೇರಿಯ ಕೆಳದಂಡೆಯ ತಿರುವೈಯಾರಿಗೆ ಹೋದಿರಿ. ಆ ರಾಜೇಂದ್ರನದೇ ಎಂದು ತೋರಿಸುವ ಒಂದು ವಿಗ್ರಹ ನಮ್ಮ ನಂದಿಯ ಗುಡಿಯಲ್ಲಿದೆ. ನಿಮ್ಮ ಗುಡಿ ಬಿಚ್ಚಿಸಿದ ಮನೆತನ ನಮ್ಮ ಗುಡಿಯನ್ನು ಬೆಳೆಸಿತು. ರಾಜೇಂದ್ರನನ್ನು ಬರಿಯ ದರೋಡೆಕೋರ ಎಂದು ನಾನು ಬರೆಯಲಾರೆ, ನಿಮಗಾದದ್ದನ್ನು ಮರೆಯಲೂ ಆರೆ.

ಕಂಬ ಒಯ್ಯುವುದು ವಿಗ್ರಹ ಒಯ್ದಂತಲ್ಲ. ವಿಗ್ರಹವನ್ನು ಪೀಠದಿಂದ ಎತ್ತಿದರೆ ಗುಡಿ ನಿಂತೇ ಇರುತ್ತದೆ. ಕಂಬ ಬೇಕೆಂದರೆ ಮೊದಲು ಚಾವಣಿ ಇಳಿಸಬೇಕು, ತೊಲೆ ಸರಿಸಬೇಕು. ಹೊಳಪು ಕೊಟ್ಟ ಕಪ್ಪು ಕಲ್ಲು ನೀವು, ಚೌಕಗಳ ಮೇಲೆ ಬೆರಳುದ್ದದ ದೇವರುಗಳು. ಅಷ್ಟು ದೂರದ ದಾರಿಯಲ್ಲಿ ಮುಕ್ಕಾಗದಂತೆ ಒಯ್ದಿದ್ದಾರೆ ಎಂದರೆ ಒಯ್ದವರಿಗೆ ನಿಮ್ಮ ಬೆಲೆ ಗೊತ್ತಿತ್ತು. ಇಂದಿಗೂ ನೀವು ಅಯ್ಯಾರಪ್ಪರ್ ದೇವಾಲಯದ ಆವರಣದಲ್ಲಿ ಚಾವಣಿ ಹೊತ್ತು ನಿಂತಿದ್ದೀರಿ. ತ್ಯಾಗರಾಜರ ಆರಾಧನೆಗೆಂದು ಕನ್ನಡಿಗರೂ ವರ್ಷವರ್ಷ ಆ ಊರಿಗೆ ಬರುತ್ತಾರೆ. ಹಾಡಿ, ಕೇಳಿ ಹಿಂತಿರುಗುವವರಲ್ಲಿ ನಿಮ್ಮನ್ನು ಗುರುತು ಹಿಡಿದು ನಿಲ್ಲುವವರು ಕಡಿಮೆ.

ನಿಮ್ಮಂತೆಯೇ ಹೋದ ಒಬ್ಬ ದ್ವಾರಪಾಲಕನಿದ್ದಾನೆ, ಬಸವಕಲ್ಯಾಣದವನು. ರಾಜಾಧಿರಾಜ ಚೋಳ ಚಾಲುಕ್ಯರ ಕಲ್ಯಾಣವನ್ನು ಸುಟ್ಟು ಅವನನ್ನು ಒಯ್ದ. ದಾರಾಸುರದಲ್ಲಿದ್ದವನು ಈಗ ತಂಜಾವೂರಿನ ಅರಮನೆಯ ಕಲಾ ಗ್ಯಾಲರಿಯಲ್ಲಿದ್ದಾನೆ. ಅವನ ಪೀಠದಲ್ಲಿ ಯಾರು, ಯಾವ ಊರನ್ನು ಸುಟ್ಟು ತಂದರು ಎಂದು ತಮಿಳಿನಲ್ಲಿ ಕೆತ್ತಿದೆ. ಗೆದ್ದವನ ಜಂಭ ಅದು, ಒಪ್ಪುತ್ತೇನೆ. ಆದರೂ ಇಂದಿನ ಎಷ್ಟೋ ಮ್ಯೂಸಿಯಂ ಫಲಕಗಳು ಹೇಳದ ಸಂಗತಿಯನ್ನು ಆ ಸಾಲು ಹೇಳುತ್ತದೆ. ಫಲಕದಲ್ಲಿ ದೇವರ ಹೆಸರು, ಊರು, ಶತಮಾನ, ಶಿಲೆಯ ಜಾತಿ ಇರುತ್ತವೆ. ಆ ಊರಿನಿಂದ ಈ ಕೋಣೆಗೆ ಹೇಗೆ ಬಂತು, ಯಾರು ಕೊಟ್ಟರು, ಕೊಡುವ ಹಕ್ಕು ಅವರಿಗಿತ್ತೇ ಎಂಬುದು ಇರುವುದಿಲ್ಲ.

ನೀವು ಹೋದ ಮೇಲೆ ಹೇಮಾವತಿಯಿಂದ ಇನ್ನೊಂದು ವಲಸೆ ನಡೆಯಿತು. ಈ ಸಲ ದಂಡು ಬರಲಿಲ್ಲ, ಸರ್ಕಾರ ಬಂತು. ಹೇಮಾವತಿ ಆಗ ಮದರಾಸು ಪ್ರಾಂತ್ಯದ ಅನಂತಪುರ ಜಿಲ್ಲೆಯಲ್ಲಿತ್ತು. 1851ರಲ್ಲಿ ಶುರುವಾದ ಮದರಾಸಿನ ಸರ್ಕಾರಿ ಮ್ಯೂಸಿಯಂ ನಿಮ್ಮ ಬಂಧುಗಳಾದ ನೊಳಂಬ ಶಿಲ್ಪಗಳನ್ನು ಸೇರಿಸಿಕೊಂಡಿತು. ಅವುಗಳ ಮೇಲೆ ಸಿ. ಶಿವರಾಮಮೂರ್ತಿಯವರು 1964ರಲ್ಲಿ ಒಂದು ಪುಸ್ತಕವನ್ನೇ ಬರೆದರು. ಐಹೊಳೆ ಬೊಂಬಾಯಿ ಪ್ರಾಂತ್ಯದಲ್ಲಿತ್ತು. ಹಾಗಾಗಿ ಹುಚ್ಚಪ್ಪಯ್ಯ ಗುಡಿಯ ಭುವನೇಶ್ವರಿಯಲ್ಲಿ, ಎಂದರೆ ಕೆತ್ತನೆಯ ಚಾವಣಿಯಲ್ಲಿ, ಇದ್ದ ಬ್ರಹ್ಮ, ವಿಷ್ಣು, ಶಿವರ ಕಲ್ಲುಗಳು ಮುಂಬಯಿಯ ಮ್ಯೂಸಿಯಮ್ಮಿಗೆ ಹೋದವು. ಬೇಗೂರು, ಆತಕೂರು ಮೈಸೂರು ಸೀಮೆಯವು, ಅವುಗಳ ವೀರಗಲ್ಲುಗಳು ಬೆಂಗಳೂರಿಗೆ ಬಂದವು. ಆಡಳಿತದ ಗೆರೆ ಯಾವ ಕಡೆಗಿತ್ತೋ ಕಲ್ಲು ಆ ಕಡೆಗೆ ಹೋಯಿತು. ಮದರಾಸಿನ ಮ್ಯೂಸಿಯಂ ಕಟ್ಟಿದ ಎಡ್ವರ್ಡ್ ಬಾಲ್ಫರನೇ 1865ರಲ್ಲಿ ಬೆಂಗಳೂರಿನದಕ್ಕೂ ಮುಂದಾಗಿ ನಿಂತವನು.

ತಲೆ ಎತ್ತಿ ನೋಡಲೆಂದು ಕೆತ್ತಿದ ಐಹೊಳೆಯ ಕಲ್ಲುಗಳನ್ನು ಮುಂಬಯಿಯಲ್ಲಿ ಗೋಡೆಗೆ ನಿಲ್ಲಿಸಿದ್ದಾರೆ. ತಿಪಟೂರಿನ ಹತ್ತಿರದ ಅರಳಗುಪ್ಪೆಯಲ್ಲಿ ಕಲ್ಲೇಶ್ವರನ ಗುಡಿಯ ಭುವನೇಶ್ವರಿ ಇನ್ನೂ ತನ್ನ ಜಾಗದಲ್ಲೇ ಇದೆ. ನಡುವೆ ಕುಣಿಯುವ ಶಿವ, ಸುತ್ತ ಅಷ್ಟದಿಕ್ಪಾಲಕರು, ಅದೂ ನಿಮ್ಮ ನೊಳಂಬರ ಕಾಲದ ಕೆಲಸವೇ. ಕತ್ತು ನೋಯುವ ತನಕ ನೋಡಬೇಕು, ಇಲ್ಲವೇ ನೆಲದ ಮೇಲೆ ಮಲಗಿ ನೋಡಬೇಕು. ದಿಕ್ಪಾಲಕರು ಅಲ್ಲಿ ತಮ್ಮ ತಮ್ಮ ದಿಕ್ಕಿನಲ್ಲೇ ಇದ್ದಾರೆ. ಗೋಡೆಗೆ ಆನಿಸಿದ ಮೇಲೆ ಇಂದ್ರನಿಗೆ ಪೂರ್ವ ಯಾವುದು?

ಬೆಂಗಳೂರಿನ ಬೇಗೂರು ಕಲ್ಲಿನಲ್ಲಿ ನಿಮ್ಮವರ ಸುದ್ದಿಯಿದೆ. ನೊಳಂಬ ಅಯ್ಯಪದೇವನ ಪರವಾಗಿ ತುಂಬೆಪಾಡಿಯಲ್ಲಿ ವೀರಮಹೇಂದ್ರನ ಮೇಲೆ ಕಾದಿ ಸತ್ತ ನಾಗತ್ತರನ ಕಲ್ಲು ಅದು. ನನ್ನನ್ನು ಹೆಚ್ಚು ಕಾಡುವುದು ಮಾತ್ರ 949-50ರ ಆತಕೂರಿನ ಕಲ್ಲು. ಮಣಲೇರ ಎಂಬವನ ನಾಯಿ ಕಾಳಿ ಹಂದಿಯೊಡನೆ ಹೋರಾಡಿತು, ಎರಡೂ ಸತ್ತವು. ನಾಯಿಗಾಗಿ ಕಲ್ಲು ನಿಲ್ಲಿಸಿ ಭೂಮಿ ಬಿಟ್ಟರು. ಆ ಭೂಮಿ ನೋಡಿಕೊಳ್ಳುವ ಗೊರವ ಕಲ್ಲಿಗೆ ಪೂಜೆ ಮಾಡದೆ ಉಂಡರೆ ಅವನಿಗೆ ಪಾಪ ಎಂದು ಆ ಕಲ್ಲಿನಲ್ಲೇ ಬರೆದಿದೆ. ಕಲ್ಲು ಕೆತ್ತಿಸಿದವರು ಅದರ ದಿನದ ಏರ್ಪಾಡನ್ನೂ ಮಾಡಿದ್ದರು, ಮ್ಯೂಸಿಯಮ್ಮಿಗೆ ಬಂದದ್ದು ಕಲ್ಲು ಮಾತ್ರ.

ಇಷ್ಟು ಹೇಳಿದ ಮೇಲೂ ಮ್ಯೂಸಿಯಮ್ಮನ್ನು ನಾನು ಹಳಿಯಲಾರೆ. ನಿಧಿ ಆಸೆಗೆ ಬಸವನ ಬುಡ ಅಗೆಯುವವರು, ಗರ್ಭಗುಡಿಯ ಕಲ್ಲು ಮೀಟುವವರು ನಮ್ಮ ಸೀಮೆಯಲ್ಲಿ ಇನ್ನೂ ಇದ್ದಾರೆ. ವೀರಗಲ್ಲುಗಳು ಚರಂಡಿಗೆ ಚಪ್ಪಡಿಯಾಗಿವೆ, ಬಟ್ಟೆ ಒಗೆಯುವ ಕಲ್ಲಾಗಿವೆ. ಒಯ್ದವರು ಒಯ್ಯದೇ ಹೋಗಿದ್ದರೆ ಎಷ್ಟೋ ಕಲ್ಲು ಜಲ್ಲಿಯಾಗುತ್ತಿದ್ದವು. ಆದರೆ ಕಾಪಾಡಲು ಒಯ್ಯಲೇಬೇಕು ಎಂಬ ಮಾತನ್ನು ಒಪ್ಪುವುದಿಲ್ಲ. ಬಿ.ಎಲ್. ರೈಸ್ ನಮ್ಮ ಚಿಕ್ಕಬಳ್ಳಾಪುರ ತಾಲ್ಲೂಕಿನ ಶಾಸನಗಳನ್ನು ಹುಡುಕಿಸಿ, ಪಡಿಯಚ್ಚು ತೆಗೆಸಿ, 1905ರಲ್ಲಿ ಕೋಲಾರ ಜಿಲ್ಲೆಯ ಸಂಪುಟದಲ್ಲಿ ಅಚ್ಚು ಹಾಕಿಸಿದರು. ಓದು ಲೋಕಕ್ಕೆಲ್ಲ ಸಿಕ್ಕಿತು. 2018ರಲ್ಲಿ ಹೆಬ್ಬಾಳದಲ್ಲಿ ಚರಂಡಿ ಕೆಲಸದ ನಡುವೆ ಸಿಕ್ಕ ಕಿತ್ತಯ್ಯನ ವೀರಗಲ್ಲು, ಎಂಟನೆಯ ಶತಮಾನದ್ದು, ಆ ಊರಲ್ಲೇ ಉಳಿಯಿತು. ಜನ ಸೇರಿ ಅದಕ್ಕೊಂದು ಮಂಟಪ ಕಟ್ಟಿದರು.

ಕದ್ದು ದೇಶದ ಹೊರಗೆ ಸಾಗಿಸಿದ ವಿಗ್ರಹಗಳು ಹಿಂತಿರುಗಿದ್ದುಂಟು. 1991ರಲ್ಲಿ ಲಂಡನ್ನಿನಿಂದ ಪತ್ತೂರಿನ ನಟರಾಜ ಬಂದ. 2014ರಲ್ಲಿ ಆಸ್ಟ್ರೇಲಿಯಾದಿಂದ ಶ್ರೀಪುರಂದಾನಿನ ನಟರಾಜ ಬಂದ. ದೇಶವೆಲ್ಲ ಸಂತೋಷಪಟ್ಟಿತು, ನಾನೂ ಪಟ್ಟೆ. ಹೊರಗೆ ಸಾಗಿಸುವುದನ್ನು ತಡೆಯಲು 1972ರ ಕಾಯ್ದೆ ಇದೆ, 1970ರ ಯುನೆಸ್ಕೋ ಒಪ್ಪಂದ ಇದೆ. ದೇಶದ ಒಳಗೇ ಒಂದು ರಾಜಧಾನಿಗೆ ಹೋದದ್ದನ್ನು ಹಳ್ಳಿ ಕೇಳುವುದಾದರೆ ಅರ್ಜಿಯನ್ನು ಯಾರ ಮುಂದೆ ಇಡಬೇಕು?

ನಿಮ್ಮನ್ನು ವಾಪಸು ಬನ್ನಿ ಎಂದು ನಾನು ಕರೆಯುವುದಿಲ್ಲ. ನಿಮ್ಮ ಮೇಲೆ ಇನ್ನೊಂದು ಊರಿನ ದೇವರ ಚಾವಣಿ ನಿಂತಿದೆ. ನಿಮ್ಮನ್ನು ತೆಗೆದರೆ ಹೆಂಜೇರಿಗೆ ಆದದ್ದೇ ತಿರುವೈಯಾರಿಗೂ ಆಗುತ್ತದೆ. ಮ್ಯೂಸಿಯಂನಲ್ಲಿರುವ ನಿಮ್ಮ ಬಂಧುಗಳ ಮಾತು ಬೇರೆ. ಅವರ ಮೇಲೆ ಯಾವ ಭಾರವೂ ಇಲ್ಲ. ಹೇಮಾವತಿಯಲ್ಲಿ ಈಗ ಒಂದು ಸಣ್ಣ ಮ್ಯೂಸಿಯಮ್ಮೂ ಇದೆ. ಅವರು ಆಂಧ್ರಕ್ಕೂ ಬೇಡ, ಕರ್ನಾಟಕಕ್ಕೂ ಬೇಡ, ಆ ಊರಿಗೆ ಬರಲಿ. ಕಾವಲಿಗೆ, ಬೆಳಕಿಗೆ, ಆರೈಕೆಗೆ ಸರ್ಕಾರ ಹಣ ಕೊಡಲಿ. ಎಲ್ಲವೂ ಬರಲಾಗದಿದ್ದರೆ ಯಾವುದು ಎಲ್ಲಿದೆ ಎಂಬ ಪಟ್ಟಿಯನ್ನು ಚಿತ್ರಸಮೇತ ದೊಡ್ಡೇಶ್ವರನ ಆವರಣದಲ್ಲಿ ಹಾಕಲಿ. ನಿಮ್ಮ ಪಕ್ಕದಲ್ಲೂ ಒಂದು ಫಲಕ ಬೇಕು: ಈ ಕಂಬಗಳು ನೊಳಂಬರ ಹೆಂಜೇರಿನವು, ಚೋಳರು ತಂದವು, ಆ ಊರು ಇನ್ನೂ ಇದೆ ಎಂದು ತಮಿಳು, ಕನ್ನಡ, ತೆಲುಗು ಮೂರರಲ್ಲೂ. ನಂದಿಯಲ್ಲಿ ಶಿವರಾತ್ರಿ ಜಾತ್ರೆಗೆ ದನ ಕಟ್ಟುವವರು, ತೇರು ನೋಡುವವರು ಸೇರುತ್ತಾರಲ್ಲ, ಅಲ್ಲಿ ನಿಮ್ಮ ಚಿತ್ರಗಳನ್ನಿಟ್ಟು ಈ ಕಥೆ ಹೇಳಬೇಕೆಂದು ಊರಿನವರನ್ನು ಕೇಳಿಕೊಳ್ಳುತ್ತೇನೆ.

ಇಂತಿ,
ನಂದಿ ಸೀಮೆಯವನು