ಉಂಡು ನಡದ್ರ ಶ್ರೀಶೈಲ

ಹೋಳಿ ಹುಣ್ಣಿಮಿ ಮುಗೀತಂದ್ರ ಸಾಕು, ನಮ್ಮ ಲಿಂಗಸುಗೂರು, ಮಸ್ಕಿ, ಸಿಂಧನೂರು ರಸ್ತಿ ತುಂಬ ಶ್ರೀಶೈಲಕ್ಕ ನಡಕೊಂಡು ಹೋಗೋ ಮಂದಿ. ಹೆಗಲ ಮ್ಯಾಲ ಕಂಬಿ, ಬಾಯಾಗ ಮಲ್ಲಯ್ಯನ ಹೆಸರು. ಕೆಲವರು ಮರಗಾಲು ಕಟ್ಟಿಗೊಂಡೂ ಹೋಗ್ತಾರ. ದಾರಿಗುಂಟ ದಾಸೋಹ, ಕಾಲಿಗೆ ಹಚ್ಚಾಕ ಎಣ್ಣಿ, ಬಿಸಿನೀರು. ಯುಗಾದಿ ಹೊತ್ತಿಗೆ ಎಲ್ಲಾರೂ ಅಲ್ಲಿ ಮುಟ್ಟಬೇಕು. ಭ್ರಮರಾಂಬ ನಮ್ಮ ಮನಿಮಗಳು ಅಂತ ನಮ್ಮ ಕಡೆಯವ್ರು ಸೀರಿ ಕುಪ್ಪಸ ಒಯ್ತಾರ.

2017ರಾಗ ನಾನೂ ಹೊಂಟಿದ್ದೆ. ನಮ್ಮವ್ರಿಗೆ ಆಪರೇಷನ್ ಆದಾಗ ಹೊತ್ತ ಹರಕಿ ಅದು. ಸಿಂಧನೂರಿಂದ ಎರಡೂವರಿ ನೂರು ಕಿಲೋಮೀಟರಿನ ಮ್ಯಾಲ ದಾರಿ. ತಯಾರಿ ಅಂತ ಏನೂ ಮಾಡಲಿಲ್ಲ. ಮುಂಜಾನಿಂದ ರಾತ್ರಿತನ ಮನ್ಯಾಗ ನಿಂತೇ ಇರ್ತೀನಲ್ಲ, ಅದು ಸಾಲದೇನು ಅಂದ್ಕೊಂಡೆ. ಮ್ಯಾಲ ಒಪ್ಪತ್ತು ಬ್ಯಾರೆ ಹಿಡಿದಿದ್ದೆ. ಹಗಲೆಲ್ಲ ಬರೇ ನೀರು, ರಾತ್ರಿ ಒಂದ ಊಟ.

ಮೂರನೇ ದಿನ, ಆದೋನಿ ದಾಟಿದ ಮ್ಯಾಲ, ತಲಿ ಸಿಡಿಯಾಕ ಹತ್ತಿತು. ವಾಂತಿ ಆತು. ಸಂಗಡ ಇದ್ದಾಕಿ ಹೆಸರು ಕೇಳಿದ್ರ ನಂಗ ನನ್ನ ಹೆಸರೇ ನೆನಪಾಗವಲ್ದು. ಬಿಸಿಲಿಗೆ ನೀರು ಕಮ್ಮಿ ಆಗೇತಿ ಅಂತ ಎಲ್ಲಾರೂ ಇನ್ನಷ್ಟು ನೀರು ಕುಡಿಸಿದ್ರು. ಆಸ್ಪತ್ರ್ಯಾಗ ಡಾಕ್ಟರು ಹೇಳಿದ್ರು: "ನೀರು ಕಮ್ಮಿ ಆಗಿಲ್ಲಮ್ಮ, ರಕ್ತದಾಗಿನ ಉಪ್ಪು ಕಮ್ಮಿ ಆಗೇತಿ." ಬೆವರಿನ ಕೂಡ ಉಪ್ಪೂ ಹೋಗ್ತೈತಿ, ಬರೇ ನೀರು ಕುಡದಷ್ಟೂ ಉಳಿದ ಉಪ್ಪು ತೆಳ್ಳಗಾಗ್ತೈತಿ ಅಂತ. ಸಾರಿಗೆ ನೀರು ಹಾಕಿದಷ್ಟೂ ಸಪ್ಪಗಾಗೋದಿಲ್ಲೇನ್ರಿ, ಹಂಗ.

ಜೀಪಿನ್ಯಾಗ ಮನಿಗೆ ಕರ್ಕೊಂಡು ಬಂದ್ರು. ನಮ್ಮ ಅತ್ತಿಯವರು ಬಾಗಿಲದಾಗ ನಿಂತು ಒಂದೇ ಮಾತು ಅಂದ್ರು: "ಮಲ್ಲಯ್ಯ ಕರೀಲಿಲ್ಲ ಬಿಡು." ಸಿಟ್ಟಿಲೆ ಅಂದಿದ್ದಲ್ಲ, ಸಮಾಧಾನ ಮಾಡಾಕ ಅಂದದ್ದು. ಆದ್ರ ಆ ಮಾತು ಏಳು ವರ್ಷ ನನ್ನ ಎದ್ಯಾಗ ಮುಳ್ಳಿನಂಗ ಕುಂತಿತ್ತು.

ನಮ್ಮ ಮಗ ಬೆಂಗಳೂರಾಗ ನೌಕರಿ ಮಾಡ್ತಾನ. ಅಲ್ಲಿ ಓಡೋ ಹುಚ್ಚು ಹಿಡದೈತಿ, ಅರ್ಧ ಮ್ಯಾರಥಾನ್, 21 ಕಿಲೋಮೀಟರ್ ಓಡ್ತಾನ. 2023ರ ದೀಪಾವಳಿಗೆ ಬಂದಾಗ, "ಅವ್ವ, ನಾವು ಎರಡು ತಾಸಿನ ಓಟಕ್ಕ ನಾಕು ತಿಂಗಳು ತಯಾರಿ ಮಾಡ್ತೀವಿ, ನೀ ಹತ್ತು ದಿನದ ನಡಿಗಿಗೆ ಒಂದ ದಿನಾನೂ ಮಾಡಿದ್ದಿಲ್ಲ. ಮಲ್ಲಯ್ಯನ ಮ್ಯಾಲ ಯಾಕ ಹಾಕ್ತಿ?" ಅಂದ. ಮೊದಲು ಸಿಟ್ಟು ಬಂತು. ರಾತ್ರಿ ಮಲಗಿದಾಗ ಖರೆ ಅನ್ನಿಸ್ತು.

ಅಂವ ಹೇಳಿದ ಲೆಕ್ಕ ಸರಳ. ವಾರದಾಗ ನಾಕು ದಿನ ನಡಿಗಿ, ಬಾಜೂದಾಕಿ ಕೂಡ ಮಾತಾಡಕೋತ ಹೋಗುವಷ್ಟೇ ಜೋರು. ಐತ್ವಾರ ಒಂದು ಉದ್ದನ ನಡಿಗಿ. ಮೊದಲು 6 ಕಿಲೋಮೀಟರ್, ಆಮ್ಯಾಲ ವಾರಕ್ಕ ಒಂದೆರಡು ಹೆಚ್ಚು, ನಾಕನೇ ವಾರ ಕಮ್ಮಿ ಮಾಡಿ ಮೈಗೆ ಆರಾಮ ಕೊಡಬೇಕು. ಎಡದಂಡೆ ಕಾಲುವಿ ದಾರಿ ಹಿಡದೆ. ಎಡಕ್ಕ ಬಲಕ್ಕ ಭತ್ತದ ಗದ್ದಿ, ತಂಪು ಗಾಳಿ. ಜನವರಿಯಾಗ ಶನಿವಾರ, ಐತ್ವಾರ ಬೆನ್ನಿಗೆ ಬೆನ್ನು ನಡದೆ, ಯಾಕಂದ್ರ ಯಾತ್ರಿ ಅಂದ್ರ ನಿನ್ನಿ ದಣಿವಿನ ಮ್ಯಾಲ ಇವತ್ತು ನಡಿಯೋದು. ಬೂಟು ಅರ್ಧ ಸೈಜು ದೊಡ್ಡದು ತಗೊಂಡೆ, ದಿನಪೂರ್ತಿ ನಡದ್ರ ಪಾದ ಊದ್ತಾವ. ಫೆಬ್ರವರಿಯಾಗ ಒಂದು ದಿನ ಸಿಂಧನೂರಿಂದ ಮಸ್ಕಿತನ ನಡದೇ ಬಿಟ್ಟೆ!

ಮಸ್ಕಿ ಬೆಟ್ಟದ ಮ್ಯಾಲೂ ಮಲ್ಲಯ್ಯ ಅದಾನ. ನಲ್ಲಮಲ ಅಡವ್ಯಾಗಿನ ಏರು ಇಳಿವಿಗೆ ಇವೇ ಮೆಟ್ಟಿಲು ಸಾಕು ಅಂತ ಏರಿ ಇಳಿದೆ. ಏರುವಾಗ ಉಸುರು ಹೋಗ್ತೈತಿ, ಇಳಿಯುವಾಗ ಮೊಣಕಾಲು ಹೋಗ್ತೈತಿ. ಎಡಗಾಲು ನೋವು ಸುರುವಾತು. ಮನ್ಯಾಗ ಹೇಳಿದ್ರ ಬ್ಯಾಡ ಅಂತಾರಂತ ಮುಚ್ಚಿಟ್ಟು ನಡದೆ, ಎರಡು ವಾರ ಮೂಲಿ ಹಿಡದು ಕೂಡಬೇಕಾತು. ಅವತ್ತೇ ಹೇಳಿದ್ರ ನಾಕು ದಿನದಾಗ ಮುಗೀತಿತ್ತು.

ಇದೆಲ್ಲಾ ಕಲಿಯಾಕ ಕಷ್ಟ ಆಗಲಿಲ್ಲ. ಕಷ್ಟ ಆದದ್ದು ಉಣ್ಣೋದು.

ನಸುಕಿನ್ಯಾಗ ನಡದು ಏಳಕ್ಕ ಮನಿಗೆ ಬರ್ತಿದ್ದೆ. ಬಂದಾಕಿ ಚಹಾ, ಒಗ್ಗರಣಿ, ಅತ್ತಿಯವರ ಗುಳಿಗಿ, ನಮ್ಮವ್ರ ಡಬ್ಬಿ. ನಾ ತಾಟಿನ ಮುಂದ ಕುಂದ್ರುವಾಗ ಹತ್ತೂವರಿ. ಮಗ ಫೋನಿನ್ಯಾಗ ದಿನಾ ಕೇಳ್ತಿದ್ದ, "ಬಂದು ತಾಸಿನೊಳಗ ಉಂಡಿ?" ಸುಳ್ಳು ಹೇಳ್ತಿದ್ದೆ. ದಣದ ಮೈ ರಿಪೇರಿ ಆಗೋದು ಉಂಡಾಗ ಮತ್ತ ಮಲಗಿದಾಗ ಅಂತಿದ್ದ. ಡಿಸೆಂಬರ್ ತನ ನನ್ನ ಕಾಲು ಯಾವಾಗಲೂ ಭಾರ, ನಿದ್ದಿ ಇಲ್ಲ, ಮಾತು ಮಾತಿಗೆ ಸಿಟ್ಟು. ಕಡೀಕ ನಮ್ಮವ್ರೇ ಚಹಾ ಒಲಿ ಹಿಡದ್ರು. ನಾ ಬಂದು ಮೊದಲು ಕುಂತು ಎರಡು ರೊಟ್ಟಿ, ಬ್ಯಾಳಿ, ಮೊಸರು ಉಣ್ಣಾಕ ಹತ್ತಿದೆ. ಮೊದಲನೇ ವಾರ ಕಳ್ಳತನ ಮಾಡಿದಂಗ ಅನ್ನಿಸ್ತಿತ್ತು. ಎಲ್ಲಾರೂ ಉಂಡ ಮ್ಯಾಲ ಉಳಿದದ್ದು ಉಣ್ಣೋ ರೂಢಿ ಮೂವತ್ತು ವರ್ಷದ್ದು ನೋಡ್ರಿ. ಹದಿನೈದು ದಿನಕ್ಕ ಕಾಲು ಹಗುರಾದ್ವು.

ದಾರ್ಯಾಗ ತಿನ್ನಾಕ ಮಗ ಜೆಲ್ಲಿನ ಪಾಕೀಟು ಕಳಿಸಿದ್ದ. ದೂರ ಓಡೋರು ತಾಸಿಗೆ 30ರಿಂದ 60 ಗ್ರಾಂ ಹಿಟ್ಟು-ಸಕ್ರಿ ಅಂಶ ತಗೋತಾರಂತ. ಒಂದು ಪಾಕೀಟಿನ್ಯಾಗ ಇರೋದು 25 ಗ್ರಾಂ ಆಸುಪಾಸು. ಅಷ್ಟು ಒಂದು ಬಾಳಿಹಣ್ಣಿನ್ಯಾಗ, ಇಲ್ಲಾ ಬೆರಳುದ್ದ ಬೆಲ್ಲದಾಗ ಸಿಗ್ತೈತಿ. ನಾ ಬೆಲ್ಲ, ಶೇಂಗಾ, ಸಜ್ಜಿ ರೊಟ್ಟಿ ಕಟ್ಟಿಗೊಂಡೆ. ಶೇಂಗಾದ ಎಣ್ಣಿ ನಿಧಾನ ಕರಗ್ತೈತಿ, ಓಡೋರಿಗೆ ಹೊಟ್ಟಿ ಭಾರ, ನಡಿಯೋರಿಗೆ ನಡೀತೈತಿ. ಜಗತ್ತಿನಾಗ ಹೆಸರಾದ ಕೆನ್ಯಾದ ಓಟಗಾರರು ಉಣ್ಣೋದು ಉಗಾಲಿ, ಅಂದ್ರ ಮೆಕ್ಕಿಜೋಳದ ಹಿಟ್ಟಿನ ಗಟ್ಟಿ ಸಂಗಟಿ. ಅದು ಕೇಳಿ ನಂಗ ಧೈರ್ಯ ಬಂತು.

ಕುಡಿಯಾಕ ಮಜ್ಜಿಗಿ ಹಾಕಿದ ಅಂಬಲಿ. ಇಲ್ಲದ ಕಡೆ ಒಂದು ಲೀಟರ್ ನೀರಿಗೆ ಆರು ಸಣ್ಣ ಚಮಚ ಸಕ್ರಿ, ಅರ್ಧ ಸಣ್ಣ ಚಮಚ ಉಪ್ಪು, ತಲಿ ಸಮ ಮಾಡಿ ಅಳೀಬೇಕು. ಬಾಯಾರಿದಾಗ ಗುಟುಕು ಗುಟುಕು, ಗಟಗಟ ಅಲ್ಲ. ಬಿ.ಪಿ., ಶುಗರ್ ಇದ್ದೋರು ಮೊದಲು ಡಾಕ್ಟರನ್ನ ಕೇಳ್ರಿ.

ಹೋಗೋ ಮುಂಚಿನ ಹತ್ತು ದಿನ ನಡಿಗಿ ಅರ್ಧ ಮಾಡಿದೆ. ಮೈ ಸೋಮಾರಿ ಆಗ್ತೈತೇನೋ ಅಂತ ಅಂಜಿಕಿ. ಆಗಲಿಲ್ಲ. 2024ರ ಯುಗಾದಿ ಏಪ್ರಿಲ್ 9ಕ್ಕಿತ್ತು, ಬಿಸಿಲು ಕೇಳಬ್ಯಾಡ್ರಿ. ರಾತ್ರಿ ಮೂರಕ್ಕ ಎದ್ದು ನಡಿಯೋದು, ಹತ್ತಕ್ಕ ನೆರಳು ಹಿಡದು ಮಲಗೋದು, ಸಂಜಿಗೆ ಮತ್ತ ನಡಿಯೋದು. ಆದೋನಿ ದಾಟುವಾಗ ಎದಿ ಡವಡವ ಅಂತು. ಒಂದು ತುಂಡು ಬೆಲ್ಲ ಬಾಯಾಗಿಟ್ಟು ದಾಟಿದೆ. ಆತ್ಮಕೂರಿನ ಆಚೆ ಅಡವಿ. ನಾಗಲೂಟಿ, ಪೆಚ್ಚೆರುವು, ಭೀಮನಕೊಳ್ಳ. ಆ ಕೊಳ್ಳದ ಮೆಟ್ಟಿಲು ಇಳಿಯುವಾಗ ಮಸ್ಕಿ ಬೆಟ್ಟಕ್ಕ ಮನಸ್ಸಿನ್ಯಾಗೇ ಕೈ ಮುಗದೆ. ಕೈಲಾಸದ್ವಾರದಾಗ ಕುಂತು ಅತ್ತೆ, ದಣದು ಅತ್ತದ್ದಲ್ಲ ಅದು.

ಬಸ್ಸಿನ್ಯಾಗ ಮನಿಗೆ ಬಂದೆ. ಅತ್ತಿಯವರು ಪ್ರಸಾದ ಕಣ್ಣಿಗೊತ್ತಿಗೊಂಡು, "ಈ ಸಲ ಮಲ್ಲಯ್ಯ ಕರದ ನೋಡು" ಅಂದ್ರು.

"ಹೌದ್ರಿ ಅತ್ತಿ, ಆ ಸಲಾನೂ ಕರದಿದ್ದ. ಈ ಸಲ ನಾ ಉಂಡು ಹ್ವಾದೆ" ಅಂದೆ.

ಅವ್ರು ನಕ್ಕು, ತಾಟು ನನ್ನ ಮುಂದ ಸರಿಸಿದ್ರು.